ಕೋವಿ ಇಡುವ ಸೇಫ್ ಸಾಗಿಸುವ ಮುಂಚೆ ಇದನ್ನು ಓದಿ

ಕೊಡಗಿನಿಂದ ಮೈಸೂರಿಗೋ ಬೆಂಗಳೂರಿಗೋ ಮನೆ ಬದಲಿಸುತ್ತಿದ್ದೀರಾ? ಮನೆಯಲ್ಲಿ ಕೋವಿ ಇಡುವ ದೊಡ್ಡ ಕಬ್ಬಿಣದ ಸೇಫ್ ಇದೆಯಾ? ಹಾಗಾದರೆ ದಯವಿಟ್ಟು ಪೂರ್ತಿ ಓದಿ. ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು. ದುಡ್ಡು ಹೋಯಿತು, ಅದು ಇರಲಿ. ಎಪ್ಪತ್ತಾರು ವರ್ಷದ ಅಪ್ಪ ಖಾಲಿ ಮನೆಯಲ್ಲಿ ಹತ್ತು ದಿನ ಒಬ್ಬರೇ ಇರಬೇಕಾಯಿತು. ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಮನೆ ಗೋಣಿಕೊಪ್ಪದ ಹತ್ತಿರ, ತೋಟದ ಒಳಗೆ. ಅಮ್ಮನನ್ನು ಆಗಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅದಕ್ಕೆ ಇಬ್ಬರೂ ಮೈಸೂರಿನ ನನ್ನ ಫ್ಲ್ಯಾಟಿಗೆ ಬರುವುದು ಎಂದು ತೀರ್ಮಾನವಾಗಿತ್ತು. ಅಜ್ಜನ ಕಾಲದ ಜೋಡುನಳಿಗೆ ಕೋವಿ ಒಂದಿದೆ. ಅದಕ್ಕಾಗಿ ಅಪ್ಪ 2014ರಲ್ಲಿ ಸೇಫ್ ತಂದು ಮಲಗುವ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲ ಒಳಗಿನ ತಗಡಿನ ಮೇಲೆ 380 ಕೆ.ಜಿ. ಎಂದು ಬರೆದಿದೆ. ಎರಡು ಪದರ ಉಕ್ಕು, ನಡುವೆ ಬೆಂಕಿ ತಡೆಯುವ ಪುಡಿಯ ತುಂಬು. ಅರ್ಧ ಭಾರ ಬಾಗಿಲಲ್ಲೇ ಇದೆಯೇನೋ ಅನ್ನಿಸುವಷ್ಟು ದಪ್ಪ ಬಾಗಿಲು.

ಸಾಮಾನು ಸಾಗಿಸುವವರನ್ನು ಫೋನಿನಲ್ಲೇ ಗೊತ್ತು ಮಾಡಿದೆ. ಇದು ಮೊದಲ ತಪ್ಪು. ಮನೆ ನೋಡಲು ಬನ್ನಿ ಎಂದರೆ, ಬೇಡ ಸರ್, ಪಟ್ಟಿ ಕಳಿಸಿ ಸಾಕು ಎಂದರು. ಸೇಫ್ ಇದೆ, 380 ಕೆ.ಜಿ. ಎಂದು ಬರೆದೇ ಕಳಿಸಿದೆ. 'ಬೀರು ತರಾನೇ ಅಲ್ವಾ ಸರ್, ನಮ್ಮ ಹುಡುಗರು ದಿನಾ ಎತ್ತುತ್ತಾರೆ' ಎಂದರು. ಎಲ್ಲ ಸೇರಿ 18,000 ರೂಪಾಯಿಗೆ ಒಪ್ಪಂದ. ಇನ್ಶೂರೆನ್ಸ್ ಎಂದು ಮೇಲೆ 1,500 ತೆಗೆದುಕೊಂಡರು. ಅದರ ಪಾಲಿಸಿ ಕಾಗದ ಇವತ್ತಿನವರೆಗೂ ನಮ್ಮ ಕೈಗೆ ಬಂದಿಲ್ಲ. ಸಾಮಾನು ಲಾರಿಗೆ ಹಾಕಿದ್ದಕ್ಕೆ ಕೊಡುವ ರಸೀದಿ, ಬಿಲ್ಟಿ, ಅದನ್ನೂ ಕೊಡಲಿಲ್ಲ.

ಆಗಸ್ಟ್ 29ಕ್ಕೆ ಬಂದದ್ದು ನಾಲ್ಕು ಹುಡುಗರು ಮತ್ತು ಒಂದು ಹಗ್ಗ. ಟ್ರಾಲಿ ಇಲ್ಲ, ಪೈಪ್ ಇಲ್ಲ, ಹಲಗೆ ಕೂಡ ನಮ್ಮ ಮನೆಯದ್ದೇ. ಬೆಳಿಗ್ಗೆಯಿಂದ ಬಿಡದೆ ಮಳೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಎಷ್ಟು ಭಾರ ಎಂದು ಅವರಿಗೆ ಯಾರೂ ಹೇಳಿರಲೇ ಇಲ್ಲ.

ಸೇಫನ್ನು ನೆಲಕ್ಕೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೋಲ್ಟಿನ ತಲೆ ಇರುವುದು ಸೇಫಿನ ಒಳಗೆ. ಹಾಗಾಗಿ ಬಾಗಿಲು ತೆಗೆದೇ ಬಿಚ್ಚಬೇಕು. ನಾಲ್ಕನೆಯ ಬೋಲ್ಟ್ ಬಿಚ್ಚಿದ ತಕ್ಷಣ, ತೆರೆದಿದ್ದ ಬಾಗಿಲ ಭಾರಕ್ಕೆ ಇಡೀ ಸೇಫ್ ಮುಂದಕ್ಕೆ ವಾಲಿತು. ಎದುರಿಗೆ ಮಂಡಿಯೂರಿ ಕೂತಿದ್ದ ಹುಡುಗನ ತಲೆಯ ಮೇಲೇ ಬರುತ್ತಿತ್ತು. ಅಪ್ಪನೂ ಇನ್ನೊಬ್ಬ ಹುಡುಗನೂ ಬಾಗಿಲನ್ನು ಒತ್ತಿ ಹಿಡಿದು ಮುಚ್ಚಿದರು, ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಬೋಲ್ಟ್ ಬಿಚ್ಚುವ ಮೊದಲು ಹಿಂದಿನಿಂದ ಹಗ್ಗ ಕಟ್ಟಿ ಇಬ್ಬರು ಹಿಡಿದಿರಬೇಕು, ಕೊನೆಯ ಬೋಲ್ಟ್ ಬಿಚ್ಚಿದ ಕೂಡಲೇ ಬಾಗಿಲು ಹಾಕಿಬಿಡಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಆ ಗಾಬರಿಯಲ್ಲೇ ಬಾಗಿಲು ಲಾಕ್ ಆಯಿತು. ಕೋವಿಯನ್ನು ಅಪ್ಪ ಮೊದಲೇ ತೆಗೆದು ತಮ್ಮ ಹತ್ತಿರ ಇಟ್ಟುಕೊಂಡಿದ್ದರು, ಅದರ ಗುಂಡುಗಳನ್ನು, ಅಂದರೆ ತೋಟೆಗಳನ್ನೂ ಸಹ. ಆದರೆ ಮೇಲಿನ ತಟ್ಟೆಯಲ್ಲಿದ್ದ ಕಾಗದದ ಫೈಲ್ ಅಲ್ಲೇ ಉಳಿಯಿತು. ಜಾಗದ ಕಾಗದ, ಅಮ್ಮನ ಆಸ್ಪತ್ರೆ ಫೈಲ್, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ವಿನಾಯಿತಿ ಪತ್ರ. ಎಲ್ಲಕ್ಕಿಂತ ಭದ್ರ ಜಾಗ ಅದೇ ಅಲ್ವಾ, ಇರಲಿ ಬಿಡು ಎಂದುಕೊಂಡೆವು. ಪತ್ರ ದಾರಿಯಲ್ಲಿ ಬೇಕಾಗುತ್ತದೆ ಎಂಬುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಕೀಪ್ಯಾಡ್ ಕೆಟ್ಟರೆ ತೆಗೆಯಲು ಒಂದು ಬೀಗದ ಕೈ ಕೊಟ್ಟಿದ್ದರು, ಅದೂ ಅದೇ ಫೈಲಿನ ಜೇಬಿನಲ್ಲಿತ್ತು.

ಜಗುಲಿಯಿಂದ ಅಂಗಳಕ್ಕೆ ಮೂರು ಕಲ್ಲಿನ ಮೆಟ್ಟಿಲು. ಅದರ ಮೇಲೆ ಎರಡು ಹಲಗೆ ಇಟ್ಟು ಜಾರಿಸಿದರು. ಒದ್ದೆ ಹಲಗೆ. ಅರ್ಧಕ್ಕೆ ಬಂದಾಗ ಹಗ್ಗ ಕೈಜಾರಿತು, ಸೇಫ್ ಒಂದು ಮೂಲೆಯ ಮೇಲೆ ಧೊಪ್ಪೆಂದು ಬಿತ್ತು. ಅಜ್ಜ ಹಾಕಿಸಿದ್ದ ರೆಡ್ ಆಕ್ಸೈಡ್ ನೆಲ ಅಂಚಿನಿಂದ ಒಂದು ಅಡಿ ಎದ್ದು ಹೋಯಿತು. ಸೇಫಿಗೆ ಸ್ವಲ್ಪ ನೆಗ್ಗು, ಅಷ್ಟೇ. ಅಷ್ಟೇ ಎಂದುಕೊಂಡೆವು. ಅಂಗಳದ ಕೆಸರಿನಲ್ಲಿ ನಿಲ್ಲಿಸಿಕೊಂಡು, ಇನ್ನು 12,000 ಕೊಟ್ಟರೆ ಮಾತ್ರ ಲಾರಿಗೆ ಹತ್ತಿಸುತ್ತೇವೆ ಎಂದು ಅವರ ಮಾಲೀಕ ಫೋನಿನಲ್ಲಿ ಹೇಳಿದ. ಮನೆಯ ಅರ್ಧ ಸಾಮಾನು ಆಗಲೇ ಲಾರಿಯಲ್ಲಿತ್ತು. ಕೊಟ್ಟೆ.

ಮೈಸೂರಿನಲ್ಲಿ ನನ್ನ ಫ್ಲ್ಯಾಟ್ ಎರಡನೇ ಮಹಡಿ. ಲಿಫ್ಟಿನಲ್ಲಿ ಆರು ಜನ, 408 ಕೆ.ಜಿ. ಎಂದು ಬರೆದಿದೆ. ಸೇಫ್ ಒಂದೇ 380. ತಳ್ಳಿಕೊಂಡು ಹೋಗುವ ಒಬ್ಬ ಒಳಗೆ ಕಾಲಿಟ್ಟರೂ ಮಿತಿ ಮೀರುತ್ತದೆ. ಅಷ್ಟೇ ಅಲ್ಲ. ಅಪಾರ್ಟ್‌ಮೆಂಟಿನ ಎಂಜಿನಿಯರ್ ಹೇಳಿದ ಪ್ರಕಾರ ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಲೆಕ್ಕ ಹಾಕಿ ಕಟ್ಟಿರುತ್ತಾರೆ, ಈ ಸೇಫ್ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ 380 ಕೆ.ಜಿ. ಕೂರಿಸುತ್ತದೆ, ತಂದರೂ ಎಲ್ಲೆಂದರಲ್ಲಿ ಇಡುವ ಹಾಗಿಲ್ಲ. ಇದನ್ನೆಲ್ಲ ಗೋಣಿಕೊಪ್ಪದಲ್ಲಿ ಇದ್ದಾಗಲೇ ಒಂದು ಫೋನ್ ಮಾಡಿ ಕೇಳಬಹುದಿತ್ತು. ಹುಡುಗರು ಸೇಫನ್ನು ಕೆಳಗೆ ಪಾರ್ಕಿಂಗಿನಲ್ಲಿ ಇಳಿಸಿ ಹೋದರು.

ಸರಿ, ಫೈಲ್ ಆದರೂ ತೆಗೆಯೋಣ ಎಂದು ನಂಬರ್ ಒತ್ತಿದೆ. ಬೀಪ್ ಎಂದಿತು, ಹಸಿರು ದೀಪ ಬಂತು, ಹಿಡಿಕೆ ಮಾತ್ರ ತಿರುಗಲಿಲ್ಲ. ಬ್ಯಾಟರಿ ಬದಲಿಸಿದೆ. ಇಲ್ಲ. ಹತ್ತು ಸಲ, ಇಪ್ಪತ್ತು ಸಲ ಒತ್ತಿದೆ.

ಸೇಫ್ ರಿಪೇರಿಯವರು ಬಂದು ನೋಡಿ ವಿಷಯ ಹೇಳಿದರು. ಒಳ್ಳೆಯ ಸೇಫುಗಳಲ್ಲಿ ರೀಲಾಕರ್ ಎಂಬ ಎರಡನೇ ಬೀಗ ಇರುತ್ತದೆ. ಕಳ್ಳ ಸುತ್ತಿಗೆಯಲ್ಲಿ ಹೊಡೆದರೆ, ಲಾಕ್ ಒಡೆದರೆ, ಸ್ಪ್ರಿಂಗಿನ ಒಂದು ಪಿನ್ ಚಿಮ್ಮಿ ಬಾಗಿಲ ಬೋಲ್ಟುಗಳನ್ನು ಒಳಗಿನಿಂದ ಹಿಡಿದುಕೊಳ್ಳುತ್ತದೆ. ಆಮೇಲೆ ಸರಿಯಾದ ನಂಬರ್ ಒತ್ತಿದರೂ ತೆಗೆಯುವುದಿಲ್ಲ. ಎತ್ತರದಿಂದ ಬಿದ್ದ ಪೆಟ್ಟಿಗೂ ಅದು ಹಾಗೇ ಚಿಮ್ಮಬಹುದು. ನಮ್ಮ ಮೆಟ್ಟಿಲ ಮೇಲೆ ಆದದ್ದು ಅದೇ. ಬೀಗದ ಕೈ ಹೊರಗಿದ್ದರೂ ಪ್ರಯೋಜನ ಇರಲಿಲ್ಲವಂತೆ. ಕೊರೆಯುವುದೊಂದೇ ದಾರಿ, ಅದಕ್ಕೆ ಬೇಕಾದ ಡ್ರಿಲ್ ಬಿಟ್ ತರಿಸಬೇಕು, ಒಂದು ವಾರವಾದರೂ ಬೇಕು ಎಂದರು.

ಇತ್ತ ಅಪ್ಪ ಮನೆಯಲ್ಲೇ ಇದ್ದರು. ಲೆಕ್ಕ ಹೇಗಿತ್ತೆಂದರೆ, ಲಾರಿ ಮುಂದೆ ಹೋಗುವುದು, ಮರುದಿನ ಅಪ್ಪ ಕೋವಿ ಮತ್ತು ಪತ್ರ ಇಟ್ಟುಕೊಂಡು ನಮ್ಮ ಕಾರಿನಲ್ಲಿ ಬರುವುದು. ತಿತಿಮತಿ ದಾರಿಯಲ್ಲಿ ನಾಗರಹೊಳೆ ಕಾಡು ಸಿಗುತ್ತದೆ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವ ಹಾಗಿಲ್ಲ, ಅದಕ್ಕೆ ಸಿದ್ದಾಪುರ, ಕುಶಾಲನಗರದ ಮೇಲೆ ಸುತ್ತಿ ಬರುವುದೆಂದೂ ಅಪ್ಪ ಯೋಚಿಸಿಟ್ಟಿದ್ದರು. ಅಷ್ಟು ಎಚ್ಚರದ ಮನುಷ್ಯ. ಪತ್ರ ಸೇಫಿನಲ್ಲಿ ಸಿಕ್ಕಿಕೊಂಡಿದೆ ಎಂದಾಗ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, ಕಾಗದ ಇಲ್ಲದೆ ಕೋವಿ ಹೊರಗೆ ತರುವುದಿಲ್ಲ, ಕೋವಿ ಬಿಟ್ಟು ನಾನೂ ಬರುವುದಿಲ್ಲ ಎಂದರು.

ಹೊರಗಿನವರಿಗೆ ಇದು ಅರ್ಥವಾಗದೇ ಇರಬಹುದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದಾಗ 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿ ಹಿಡಿಯಿತು. ಆದರೆ ದಾರಿಯಲ್ಲಿ ಗಾಡಿ ತಡೆದ ಪೊಲೀಸರಿಗೆ ಈ ಕಥೆ ಹೇಳಿದರೆ ಆಗುತ್ತದಾ? ಅವರು ಕೇಳುವುದು ಪತ್ರ. ಅದರ ಒಂದು ಫೋಟೋ ಕೂಡ ನಮ್ಮ ಯಾರ ಮೊಬೈಲಿನಲ್ಲೂ ಇರಲಿಲ್ಲ.

ಒಂದು ಹಾಸಿಗೆ, ಒಂದು ಸ್ಟವ್, ಎರಡು ಪಾತ್ರೆ. ಮಳೆ. ರಾತ್ರಿ ಕರೆಂಟ್ ಇಲ್ಲ. ಸೆಪ್ಟೆಂಬರ್ 3ಕ್ಕೆ ಆಯುಧಗಳಿಗೆ ಪೂಜೆ ಮಾಡುವ ನಮ್ಮ ಹಬ್ಬ, ಕೈಲ್ ಪೊಳ್ದ್ ಬಂತು. ಪ್ರತಿ ವರ್ಷ ಮನೆ ತುಂಬಾ ಜನ, ಊಟಕ್ಕೆ ಕಡಂಬುಟ್ಟು, ಪಂದಿ ಕರಿ. ಈ ಸಲ ಅಪ್ಪ ಬೇಲಿಯಿಂದ ತೋಕ್ ಪೂ, ಅಂದರೆ ಕೋವಿ ಹೂ, ಕಿತ್ತು ತಂದು, ಖಾಲಿ ಕೋಣೆಯಲ್ಲಿ ಕೋವಿಯನ್ನು ಗೋಡೆಗೆ ಒರಗಿಸಿ, ಹೂವಿಟ್ಟು ಒಬ್ಬರೇ ಪೂಜೆ ಮಾಡಿದರು. ಫೋನಿನಲ್ಲಿ ಅಮ್ಮನಿಗೆ ಹೇಳುವಾಗ ಅವರ ಗಂಟಲು ಕಟ್ಟಿತ್ತು. ನಾನು ಹೊರಟಿದ್ದೆ, ಆದರೆ ಅಮ್ಮನನ್ನು ಅವತ್ತು ಬಿಟ್ಟು ಹೋಗುವ ಸ್ಥಿತಿ ಇರಲಿಲ್ಲ.

ಇದರ ನಡುವೆ ಇನ್ನೊಂದು ತಪ್ಪಾಯಿತು, ಇದನ್ನು ಗಮನವಿಟ್ಟು ಓದಿ. ಹೇಗೂ ಮೇಲೆ ಹತ್ತುವುದಿಲ್ಲ, ಮಾರಿಬಿಡೋಣ ಎಂದು ನನ್ನ ತಮ್ಮ ಜಾಹೀರಾತು ಹಾಕಿದ. ಬಾಗಿಲು ತೆಗೆಯದ ಕಾರಣ ಹಳೆಯ ಫೋಟೋ ಹಾಕಿದ. ಆ ಫೋಟೋದಲ್ಲಿ ಸೇಫ್ ತೆರೆದಿತ್ತು, ಒಳಗೆ ಕೋವಿ ಕಾಣುತ್ತಿತ್ತು, ಕೆಳಗೆ ಗೋಣಿಕೊಪ್ಪ ಎಂದು ಊರಿನ ಹೆಸರೂ ಇತ್ತು. ಮರುದಿನವೇ ಒಬ್ಬ ಫೋನ್ ಮಾಡಿದ. ಸೇಫಿನ ಅಳತೆ ಕೇಳಲಿಲ್ಲ, ಬೆಲೆ ಕೇಳಲಿಲ್ಲ. ಕೋವಿ ಈಗ ಎಲ್ಲಿದೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ. ಮನೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ! ತಕ್ಷಣ ಜಾಹೀರಾತಿನಿಂದ ಆ ಫೋಟೋ ತೆಗೆಸಿದೆ, ಪಕ್ಕದ ತೋಟದವರಿಗೆ ಹೇಳಿ ರಾತ್ರಿ ಒಬ್ಬರು ಬಂದು ಮಲಗುವ ಹಾಗೆ ಮಾಡಿದೆ, ಠಾಣೆಗೂ ತಿಳಿಸಿದೆ. ಆ ವಾರ ನನಗೆ ನಿದ್ದೆ ಬಂದಿಲ್ಲ.

ಇನ್ನೊಬ್ಬ ತಾನು ಮಿಲಿಟರಿ ಅಧಿಕಾರಿ ಎಂದ. ಗುರುತಿನ ಚೀಟಿ, ಯೂನಿಫಾರ್ಮ್ ಹಾಕಿದ ಫೋಟೋ ಎಲ್ಲ ಕಳಿಸಿದ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ನಮ್ಮದು, ಮನೆಗೊಬ್ಬರು ಸೈನ್ಯದಲ್ಲಿ ಇರುವ ಊರು, ಆ ಬಟ್ಟೆ ಕಂಡರೆ ನಾವು ನಂಬುತ್ತೇವೆ. ಅದು ಇಂಥ ಮೋಸಗಾರರಿಗೆ ಚೆನ್ನಾಗಿ ಗೊತ್ತು. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದ. ತಮ್ಮ ಸ್ಕ್ಯಾನ್ ಮಾಡಿ ಪಿನ್ ಒತ್ತಿದ, ಖಾತೆಯಿಂದ 9,000 ಹೋಯಿತು. ದುಡ್ಡು ಬರುವುದಕ್ಕೆ ಸ್ಕ್ಯಾನ್ ಬೇಡ, ಪಿನ್ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು, ಇನ್ನೂ ವಾಪಸ್ ಬಂದಿಲ್ಲ.

ಸೆಪ್ಟೆಂಬರ್ 8ಕ್ಕೆ ಕೊರೆಯುವವರು ಬಂದರು. ಶುರು ಮಾಡುವ ಮುಂಚೆ ಅವರು ಕೇಳಿದ ಮೊದಲ ಪ್ರಶ್ನೆ, ಒಳಗೆ ತೋಟೆ ಇದೆಯಾ? ಬಿಸಿ ಲೋಹದ ಚೂರು ಒಳಗೆ ಬೀಳುತ್ತದೆ. ಅಪ್ಪ ಅಲ್ಲಿಂದ ತೋಟೆಗಳನ್ನು ಮೂರು ಸಲ ಎಣಿಸಿ, ಲೆಕ್ಕಕ್ಕೆ ತಾಳೆ ನೋಡಿ, ಒಂದೂ ಒಳಗಿಲ್ಲ ಎಂದ ಮೇಲೆಯೇ ಡ್ರಿಲ್ ಹಿಡಿದರು. ನಾಲ್ಕು ಗಂಟೆ ಬೇಕಾಯಿತು. ಲಾಕಿನ ಮುಂದೆ ಗಟ್ಟಿ ಉಕ್ಕಿನ ತಟ್ಟೆ ಇರುತ್ತದಂತೆ, ಮೂರು ಬಿಟ್ ಮುರಿದವು. ಹೊಸ ಲಾಕ್ ಸೇರಿ 14,500 ಆಯಿತು. ಫೈಲ್ ಕೈಗೆ ಬಂದ ಕೂಡಲೇ ತಮ್ಮ ಅದನ್ನು ತೆಗೆದುಕೊಂಡು ಕುಶಾಲನಗರದ ಮೇಲೆ ಹೊರಟ. ರಾತ್ರಿ ಹತ್ತಕ್ಕೆ ಅಪ್ಪ, ಕೋವಿ, ಪತ್ರ ಮೂರೂ ಮೈಸೂರಿನಲ್ಲಿದ್ದವು.

ಸೇಫನ್ನು ಕೊನೆಗೆ ಸಿದ್ದಾಪುರ ಕಡೆಯ ಒಬ್ಬ ತೋಟದವರು 20,000ಕ್ಕೆ ಕೊಂಡರು. ಅವರು ಕರೆತಂದದ್ದು ಮನೆ ಸಾಮಾನಿನವರನ್ನಲ್ಲ, ಕಾರ್ಖಾನೆ ಮೆಷಿನ್ ಸಾಗಿಸುವವರನ್ನು. ಒಂದು ದಿನ ಮುಂಚೆಯೇ ಒಬ್ಬರು ಬಂದು ಅಳತೆ ತೆಗೆದುಕೊಂಡರು, ಆ ಕಡೆಯ ಮನೆಯ ಬಾಗಿಲನ್ನೂ ಅಳೆದಿದ್ದರು, ಮೆಟ್ಟಿಲು ಎಷ್ಟು ಎಂದು ಬರೆದುಕೊಂಡಿದ್ದರು. ಮಳೆ ನಿಲ್ಲಲಿ ಎಂದು ಎರಡು ದಿನ ಕಾದರು. ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿಕೊಂಡು ಬಂದು, ಲಾರಿಯ ಹಿಂದಿನ ಹೈಡ್ರಾಲಿಕ್ ಹಲಗೆಯ ಮೇಲೆ ನಿಲ್ಲಿಸಿ, ಬೆಲ್ಟ್ ಬಿಗಿದರು. ಯಾರೂ ಎತ್ತಲೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಕೂಲಿ ಎಷ್ಟೆಂದು ಕೇಳಿದೆ, ನಾನು ಕೊಟ್ಟದ್ದಕ್ಕಿಂತ ಕಡಿಮೆ.

ಬೆಲ್ಟ್ ಬಿಗಿಯುವ ಮೊದಲು ಒಂದು ನಿಮಿಷ ನಿಲ್ಲಿ ಎಂದೆ. ಬಾಗಿಲು ತೆಗೆದು ಪ್ರತಿ ತಟ್ಟೆಯ ಮೇಲೂ, ಮೂಲೆಗಳಲ್ಲೂ ಕೈಯಾಡಿಸಿ ನೋಡಿದೆ. ಬೀಗದ ಕೈಯನ್ನು ಕೊಂಡವರ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.