ಸೊಂಟನೋವಿಗೆ ಕೈರೋಪ್ರಾಕ್ಟರ್: ಹಲವು ವರ್ಷ ಹೋಗಿಬಂದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಸೊಂಟ ಹಿಡಿದುಕೊಂಡು ಬಗ್ಗಲಾಗದೆ ಒದ್ದಾಡುತ್ತಿದ್ದರೆ, ಒಳ್ಳೆಯ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಸಿಕ್ಕರೆ ಹೋಗಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಅವರಿಲ್ಲದೆ ನನ್ನ ಸೊಂಟ ನಡೆಯುವುದೇ ಇಲ್ಲ ಅನ್ನುವ ಸ್ಥಿತಿಗೆ ಹೋಗಬೇಡಿ. ಒಳ್ಳೆಯವರು ನಿಮ್ಮನ್ನು ಬೇಗ ವಾಸಿ ಮಾಡಿ ಕಳಿಸಲು ನೋಡುತ್ತಾರೆ. ಇನ್ನು ಕೆಲವರು ವರ್ಷದ ಪ್ಯಾಕೇಜ್ ಮಾರಲು ನೋಡುತ್ತಾರೆ. ಇಬ್ಬರನ್ನೂ ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಮಿಸಿಸಿಪ್ಪಿ ನದಿ ದಾಟಿದರೆ ಮೋಲೀನ್. ಜಾನ್ ಡಿಯರ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ. ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು ನಾವು. ಈ ಊರಲ್ಲಿ ಕೈರೋಪ್ರಾಕ್ಟರ್ ಬೋರ್ಡು ಕಣ್ಣಿಗೆ ಬೀಳದೆ ಇರುವುದಿಲ್ಲ, ಯಾಕಂದರೆ ಈ ಚಿಕಿತ್ಸೆ ಹುಟ್ಟಿದ್ದೇ ಇಲ್ಲಿ. 1895ರ ಸೆಪ್ಟೆಂಬರ್ 18ರಂದು ಡಿ. ಡಿ. ಪಾಮರ್ ಎಂಬವರು ತಾವಿದ್ದ ಕಟ್ಟಡದಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಿದ್ದ ಹಾರ್ವಿ ಲಿಲಾರ್ಡ್ ಅವರ ಬೆನ್ನುಮೂಳೆ ಒತ್ತಿದರಂತೆ. ಅವರಿಗೆ ಮತ್ತೆ ಕಿವಿ ಕೇಳಿಸಿತಂತೆ. 1897ರಲ್ಲಿ ಶುರುವಾದ ಪಾಮರ್ ಕಾಲೇಜು ಈಗಲೂ ಬ್ರೇಡಿ ಸ್ಟ್ರೀಟ್‌ನಲ್ಲಿದೆ.

ಕಿವಿಯ ಕಥೆಯನ್ನು ನಾನು ನಂಬುವುದಿಲ್ಲ. ಬೆನ್ನುಮೂಳೆ ಜಾಗ ತಪ್ಪುವುದೇ ಹೆಚ್ಚುಕಡಿಮೆ ಎಲ್ಲ ರೋಗಕ್ಕೂ ಕಾರಣ ಅಂತ ಪಾಮರ್ ಹೇಳುತ್ತಿದ್ದರು. ಅದಕ್ಕೂ ಪುರಾವೆ ಇಲ್ಲ. ಆಸ್ತಮಾ, ಶುಗರ್, ಮಕ್ಕಳ ಕಿವಿನೋವು ಎಲ್ಲವನ್ನೂ ವಾಸಿ ಮಾಡುತ್ತೇವೆ ಅನ್ನುವ ಕಡೆ ನಾನು ಕಾಲಿಡುವುದಿಲ್ಲ, ನೀವೂ ಇಡಬೇಡಿ. ಸೊಂಟದ ವಿಷಯ ಬೇರೆ.

ನನಗೆ ಶುರುವಾಗಿದ್ದು ಸ್ನೋ ತೆಗೆಯುವಾಗ. ಒದ್ದೆ ಸ್ನೋ ತುಂಬಾ ಭಾರ. ಸಲಿಕೆ ತುಂಬ ಎತ್ತಿಕೊಂಡು, ಕಾಲು ಅಲ್ಲೇ ಊರಿಕೊಂಡು, ಸೊಂಟ ಮಾತ್ರ ತಿರುಗಿಸಿ ಪಕ್ಕಕ್ಕೆ ಎಸೆದೆ. ಉಳುಕಿತು. ಮಾರನೆಯ ದಿನ ಸಾಕ್ಸ್ ಹಾಕಿಕೊಳ್ಳಲೂ ಆಗಲಿಲ್ಲ. ನಮ್ಮ ಫ್ಯಾಮಿಲಿ ಡಾಕ್ಟರ್ ನೋಡಿ, ಶಾಖ ಕೊಟ್ಟುಕೊಳ್ಳಿ, ಮಲಗಿಯೇ ಇರಬೇಡಿ, ಓಡಾಡಿ, ಬೇಕಾದರೆ ಕೈರೋಪ್ರಾಕ್ಟರ್‌ಗೆ ತೋರಿಸಿ ಅಂದರು.

ಒಬ್ಬ ಎಂ.ಡಿ. ಡಾಕ್ಟರ್ ಬಾಯಲ್ಲಿ ಈ ಮಾತು ಬರುವುದು ಹಿಂದೆ ಕಷ್ಟವಿತ್ತು. ಕೈರೋಪ್ರಾಕ್ಟರ್‌ಗಳ ಜೊತೆ ಸೇರಿ ಕೆಲಸ ಮಾಡುವುದೇ ವೃತ್ತಿಧರ್ಮಕ್ಕೆ ವಿರುದ್ಧ ಅಂತ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ವೈದ್ಯರಿಗೆ ಹೇಳಿತ್ತು. ಕೆಲವು ಕೈರೋಪ್ರಾಕ್ಟರ್‌ಗಳು 1976ರಲ್ಲಿ ಕೇಸ್ ಹಾಕಿದರು. 1987ರಲ್ಲಿ ತೀರ್ಪು ಅವರ ಪರವಾಗಿ ಬಂತು. ಈಗ ಎಷ್ಟು ಬದಲಾಗಿದೆ ಅಂದರೆ, 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಕೊಟ್ಟ ಮಾರ್ಗಸೂಚಿಯಲ್ಲಿ ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಅಕ್ಯುಪಂಕ್ಚರ್ ಜೊತೆಗೆ ಬೆನ್ನುಮೂಳೆಯ ಮ್ಯಾನಿಪ್ಯುಲೇಷನ್ (ಕೈಯಿಂದ ಒತ್ತುವ ಚಿಕಿತ್ಸೆ) ಕೂಡ ಸೇರಿದೆ. ಹೊಸದಾಗಿ ಬಂದ ಸೊಂಟನೋವು ಯಾವ ಚಿಕಿತ್ಸೆ ಮಾಡಿದರೂ ಸಾಮಾನ್ಯವಾಗಿ ಕಾಲ ಕಳೆದಂತೆ ಕಡಿಮೆಯಾಗುತ್ತದೆ ಅಂತಲೂ ಅದೇ ಮಾರ್ಗಸೂಚಿ ಹೇಳುತ್ತದೆ. ಈ ಎರಡೂ ಮಾತು ನೆನಪಿನಲ್ಲಿರಲಿ.

ಮೊದಲ ಭೇಟಿಯಲ್ಲಿ ಏನಾಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಅದರಲ್ಲೂ ನಮ್ಮ ಹೆಣ್ಣುಮಕ್ಕಳಿಗೆ ಜಾಸ್ತಿ. ಬಟ್ಟೆ ಬಿಚ್ಚಬೇಕಾ, ಯಾರು ಮುಟ್ಟುತ್ತಾರೆ, ನೋವಾಗುತ್ತಾ ಅಂತ ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಸಡಿಲವಾದ ಪ್ಯಾಂಟು, ಟೀ ಶರ್ಟು ಹಾಕಿಕೊಂಡು ಹೋದರೆ ಸಾಕು. ನಾನು ಬಟ್ಟೆ ಬದಲಾಯಿಸುವ ಪ್ರಸಂಗವೇ ಬಂದಿಲ್ಲ. ಲೇಡಿ ಡಾಕ್ಟರೇ ಬೇಕು ಅಂದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ಕೈರೋಪ್ರಾಕ್ಟರ್ ಐವತ್ತು ದಾಟಿದ ಹೆಂಗಸು. ಪ್ರತಿ ಸಲ ಕೈ ಇಡುವ ಮೊದಲು "ಇಲ್ಲಿ ಒತ್ತಲಾ?" ಅಂತ ಕೇಳುತ್ತಾರೆ.

ಮೊದಲ ದಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಬರೀ ಪ್ರಶ್ನೆ, ಪರೀಕ್ಷೆ. ನೋವು ಕಾಲಿಗೆ ಇಳಿಯುತ್ತಾ? ಜೋಮು ಹಿಡಿಯುತ್ತಾ? ಜ್ವರ ಇದೆಯಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ಹಿಂದೆ ಕ್ಯಾನ್ಸರ್ ಆಗಿತ್ತಾ? ಮೂತ್ರ ಹಿಡಿದುಕೊಳ್ಳಲು ಕಷ್ಟವಾಗುತ್ತಿದೆಯಾ, ತೊಡೆಸಂದಿಯಲ್ಲಿ ಸ್ಪರ್ಶ ಕಡಿಮೆಯಾಗಿದೆಯಾ? ಕೊನೆಯ ಪ್ರಶ್ನೆ ಮುಜುಗರದ್ದು, ಆದರೆ ಕೇಳಲೇಬೇಕಾದ್ದು. ಅದಕ್ಕೆ ಹೌದು ಅಂದರೆ ಅಲ್ಲಿ ಅಡ್ಜಸ್ಟ್‌ಮೆಂಟ್ (ಕೈರೋಪ್ರಾಕ್ಟರ್ ಕೈಯಿಂದ ಒತ್ತುವುದು) ಮಾಡಿಸಿಕೊಳ್ಳುವ ಮಾತೇ ಇಲ್ಲ, ನೇರವಾಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು. ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಿಹೋಗಿರುವ ಲಕ್ಷಣ ಅದು. ಆಮೇಲೆ ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೇರವಾಗಿ ಮೇಲೆತ್ತಿ ಎಲ್ಲಿ ನೋವು ಶುರುವಾಗುತ್ತದೆ ಅಂತ ನೋಡಿದರು. ಇಷ್ಟು ಮಾಡದೆ ಬಂದ ಕೂಡಲೇ ಟೇಬಲ್ ಮೇಲೆ ಮಲಗಿಸಿ ಒತ್ತಲು ಬಂದರೆ ಎದ್ದು ಬನ್ನಿ.

ಎಕ್ಸ್‌ರೇ ತೆಗೆಯಲಿಲ್ಲ. ಬೇಡವಾ ಅಂತ ನಾನೇ ಕೇಳಿದೆ. ಬೇಡ ಅಂದರು. ಮೇಲೆ ಹೇಳಿದಂಥ ಅಪಾಯದ ಲಕ್ಷಣಗಳಿಲ್ಲದಿದ್ದರೆ ಹೊಸ ಸೊಂಟನೋವಿಗೆ ಮೊದಲ 6 ವಾರ ಎಕ್ಸ್‌ರೇ, ಸ್ಕ್ಯಾನ್ ಬೇಡ ಅಂತ ಅಮೆರಿಕನ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ನೇ 2017ರಲ್ಲಿ ಹೇಳಿದೆ.

ಇನ್ನು ಅಡ್ಜಸ್ಟ್‌ಮೆಂಟ್. ಟೇಬಲ್ ಮೆತ್ತಗಿರುತ್ತದೆ, ಮುಖ ಇಡುವ ಕಡೆ ಸೀಳು ಇರುತ್ತದೆ, ಅದರ ಮೇಲೆ ಪೇಪರ್ ಹಾಸಿರುತ್ತಾರೆ. ನನ್ನನ್ನು ಒಂದು ಮಗ್ಗುಲಿಗೆ ಮಲಗಿಸಿ, ಕೆಳಗಿನ ಕಾಲು ನೀಟಿಸಿ, ಮೇಲಿನ ಮಂಡಿ ಮಡಿಸಿದರು. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಲು ಹೇಳಿದರು. ಒಂದು ಕೈಯಲ್ಲಿ ನನ್ನ ಭುಜ ತಡೆದು ಹಿಡಿದು, ಇನ್ನೊಂದು ಕೈಯನ್ನು ಸೊಂಟದ ಕೆಳಗೆ ಊರಿದರು. ಉಸಿರು ಬಿಡಿ ಅಂದರು. ಉಸಿರು ಪೂರ್ತಿ ಹೊರಗೆ ಹೋಗುವ ಹೊತ್ತಿಗೆ ಒಂದು ಚುರುಕಾದ ತಳ್ಳು. ಲಟಕ್ ಅಂತ ಶಬ್ದ. ಅಷ್ಟೇ. ನೋವಾಗಲಿಲ್ಲ, ಬೆಚ್ಚಿಬಿದ್ದೆ.

ಆ ಶಬ್ದ ಮೂಳೆ ಮುರಿದದ್ದೂ ಅಲ್ಲ, ಜರುಗಿದ ಮೂಳೆ ಜಾಗಕ್ಕೆ ಕೂತದ್ದೂ ಅಲ್ಲ. ಬೆರಳಿನ ನೆಟಿಗೆ ಮುರಿದಾಗ ಬರುವ ಶಬ್ದವೇ ಇದು. ಕೀಲಿನ ಎರಡು ಬದಿ ಥಟ್ಟನೆ ದೂರವಾದಾಗ ಅಲ್ಲಿನ ದ್ರವದಲ್ಲಿ ಗ್ಯಾಸಿನ ಗುಳ್ಳೆ ಹುಟ್ಟುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ಕೀಲನ್ನು ಎಂಆರ್‌ಐನಲ್ಲಿ ನೋಡಿ ಇದನ್ನು ತೋರಿಸಿದರು. ಶಬ್ದ ಬಂದರೆ ವಾಸಿಯಾಯಿತು, ಬರದಿದ್ದರೆ ಕೆಲಸವಾಗಲಿಲ್ಲ ಅಂತ ಏನೂ ಇಲ್ಲ. ನನಗೆ ಎಷ್ಟೋ ಸಲ ಶಬ್ದವೇ ಬಂದಿಲ್ಲ, ಆದರೂ ಹಗುರವಾಗಿದೆ.

ಮೊದಲ ದಿನ ಮನೆಗೆ ಬಂದ ಮೇಲೆ ಸಂಜೆಗೆ ಮೈಕೈ ನೋವು ಬಂತು. ಮಾರನೆಯ ದಿನವೂ ಇತ್ತು, ಆಮೇಲೆ ತಾನೇ ಹೋಯಿತು. ಇದು ತುಂಬಾ ಜನರಿಗೆ ಆಗುತ್ತದೆ, ಗಾಬರಿ ಬೇಡ. ಆದರೆ ಕಾಲು ಸೋತ ಹಾಗಾದರೆ, ಜೋಮು ಹೆಚ್ಚಾದರೆ ತಕ್ಷಣ ಡಾಕ್ಟರಿಗೆ ಹೇಳಿ.

ನನಗೆ ನಿಜವಾಗಿ ಸಿಕ್ಕಿದ್ದೇನು? ಉಳುಕಿದ ಆ ಮೊದಲ ವಾರಗಳಲ್ಲಿ ಬಗ್ಗಲು, ತಿರುಗಲು ಬೇಗ ಆಯಿತು. ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡುತ್ತಿದ್ದ 750 ಜನರ ಮೇಲೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ, ಅದರ ಜೊತೆಗೆ ಕೈರೋಪ್ರಾಕ್ಟಿಕ್ ಕೂಡ ಪಡೆದವರಿಗೆ 6 ವಾರದ ಹೊತ್ತಿಗೆ ನೋವು, ತೊಂದರೆ ಎರಡೂ ಕಡಿಮೆಯಾಗಿತ್ತು. ವ್ಯತ್ಯಾಸ ಮಧ್ಯಮ ಮಟ್ಟದ್ದು, ಪವಾಡವಲ್ಲ. ನನ್ನ ಅನುಭವವೂ ಸರಿಯಾಗಿ ಅಷ್ಟೇ. ನೋವು ಮತ್ತೆ ಮತ್ತೆ ಬರುವುದನ್ನು ತಡೆದದ್ದು ಟೇಬಲ್ ಅಲ್ಲ, ಅವರು ಹೇಳಿಕೊಟ್ಟ ವ್ಯಾಯಾಮ. ಅಂಗಾತ ಮಲಗಿ ಸೊಂಟ ಮೇಲೆತ್ತುವುದು. ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈ, ಎದುರು ಬದಿಯ ಕಾಲು ಚಾಚಿ ಹಿಡಿಯುವುದು. ಇವೆರಡನ್ನೂ ಬೆಳಗಿನ ಕಾಫಿಗೆ ಮೊದಲು ಮಾಡುತ್ತೇನೆ. ಬಿಟ್ಟ ಚಳಿಗಾಲಗಳಲ್ಲಿ ನೋವು ಬಂದಿದೆ, ಮಾಡಿದಾಗ ಬಂದಿಲ್ಲ. ಈಗ ಹೋಗುವುದು ಹಿಡಿದುಕೊಂಡಾಗ ಮಾತ್ರ, ಅದೂ ಅಪರೂಪ. "ಚೆನ್ನಾಗಿದ್ದೀರಲ್ಲ, ಇನ್ನು ಬರಬೇಡಿ" ಅಂತ ಅವರೇ ಹೇಳಿ ಕಳಿಸುತ್ತಾರೆ. ನಾನು ಅವರನ್ನು ಬಿಡದೆ ಇರುವುದೂ ಇದಕ್ಕೇ.

ಮಧ್ಯೆ ಒಮ್ಮೆ ಅವರು ರಜೆಯಲ್ಲಿದ್ದಾಗ ಬೇರೆ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಒಳಗೆ ಹೋದ ತಕ್ಷಣ ಇಡೀ ಬೆನ್ನಿನ ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಕೆಂಪು ಗೆರೆ ಎಳೆದು ತೋರಿಸಿ, ನಿಮ್ಮ ಬೆನ್ನು ಹೀಗೇ ಬಿಟ್ಟರೆ ಮುಂದೆ ನಡೆಯಲು ಕಷ್ಟ ಅಂದರು. ವಾರಕ್ಕೆ ಮೂರು ಸಲದಂತೆ ತಿಂಗಳುಗಟ್ಟಲೆ ಬರಬೇಕು, 2,000 ಡಾಲರ್ ದಾಟುವ ಪ್ಯಾಕೇಜ್, ಇವತ್ತೇ ಕಟ್ಟಿದರೆ ಡಿಸ್ಕೌಂಟ್. ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ ಅಂತ ಬೇರೆ. ಒಂದು ರೂಪಾಯಿ ಕಟ್ಟದೆ ಎದ್ದು ಬಂದೆ. ನನಗೆ ಆಗ ಬಂದ ಸಿಟ್ಟು ಇನ್ನೂ ಹೋಗಿಲ್ಲ. ನೋವಿನಲ್ಲಿರುವವರಿಗೆ ಭಯ ಹುಟ್ಟಿಸಿ ದುಡ್ಡು ಕಟ್ಟಿಸಿಕೊಳ್ಳುವುದು ಅನ್ಯಾಯ. ವಯಸ್ಸಾದಂತೆ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಸವೆತ ಕಾಣುತ್ತದೆ. ಆ ಗೆರೆ ನೋಡಿ ಹೆದರಬೇಡಿ.

ನಮ್ಮಮ್ಮ ಹಾಸನದಿಂದ ಬಂದಿದ್ದಾಗ "ನನಗೂ ಒಂದ್ಸಲ ತೋರಿಸೇ, ನಡು ಬಿದ್ದೇ ಹೋಗಿದೆ" ಅಂದರು. ನನ್ನ ಕೈರೋಪ್ರಾಕ್ಟರ್ ಹತ್ತಿರವೇ ಕರೆದುಕೊಂಡು ಹೋದೆ. ಡಾಕ್ಟರ್ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಯಾವಾಗಲಾದರೂ ಮೂಳೆ ಮುರಿದಿತ್ತಾ ಅಂದಾಗ ಅಮ್ಮ, "ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಿದ್ನಲ್ಲ, ನಿಂಗೆ ನೆನಪಿಲ್ವಾ" ಅಂದರು. ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದೂ ಆಗಲೇ ಹೊರಬಂತು. ಡಾಕ್ಟರ್ ಪೆನ್ ಕೆಳಗಿಟ್ಟರು. ಮೂಳೆ ಎಷ್ಟು ಗಟ್ಟಿ ಇದೆ ಅನ್ನುವ ಡೆಕ್ಸಾ ಸ್ಕ್ಯಾನ್ ಆಗುವವರೆಗೆ ಇವರಿಗೆ ನಾನು ಒತ್ತುವುದಿಲ್ಲ ಅಂದರು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ನಿಧಾನವಾಗಿ ಹೇಳಿಕೊಟ್ಟು ಕಳಿಸಿದರು. ಕಾರಿನಲ್ಲಿ ಅಮ್ಮನಿಗೆ ಬೇಜಾರು. "ಏನೂ ಮಾಡ್ಲೇ ಇಲ್ವಲ್ಲೇ" ಅಂತ. ಊರಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ತೊಂದರೆ, ಅಂತ ಬಂತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒತ್ತಿಬಿಟ್ಟಿದ್ದರೆ ಅಂತ ಯೋಚಿಸಿದರೆ ಈಗಲೂ ಭಯವಾಗುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹಳೆಯ ಮೂಳೆಮುರಿತ, ಮಾತ್ರೆ, ರಕ್ತ ತೆಳು ಮಾಡುವ ಔಷಧಿ ಎಲ್ಲ ಮೊದಲೇ ಬರೆದಿಟ್ಟುಕೊಳ್ಳಿ.

ದುಡ್ಡಿನ ವಿಷಯ ಚುಟುಕಾಗಿ: ನನ್ನ ಇನ್ಶೂರೆನ್ಸ್‌ನಲ್ಲಿ ಕೋಪೇ (ಪ್ರತಿ ಭೇಟಿಗೆ ನಾವು ಕೈಯಿಂದ ಕೊಡುವ ಪಾಲು) 40 ಡಾಲರ್, ವರ್ಷಕ್ಕೆ ಇಷ್ಟೇ ಭೇಟಿ ಅಂತ ಮಿತಿ ಇದೆ. ನಿಮ್ಮದು ಬೇರೆ ಇರಬಹುದು, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಇರುವ ಹಿರಿಯರಿಗೆ ಬೆನ್ನುಮೂಳೆಯನ್ನು ಕೈಯಿಂದ ಅಡ್ಜಸ್ಟ್ ಮಾಡುವುದಕ್ಕೆ ಮಾತ್ರ ಸಿಗುತ್ತದೆ. ಕೈರೋಪ್ರಾಕ್ಟರ್ ತೆಗೆಸುವ ಎಕ್ಸ್‌ರೇ, ಮಾಡುವ ಮಸಾಜ್ ಯಾವುದಕ್ಕೂ ಸಿಗುವುದಿಲ್ಲ.

ಬೆಂಗಳೂರಿನಲ್ಲಿರುವ ತಂಗಿ, ಇಲ್ಲೂ ಕ್ಲಿನಿಕ್ ಇವೆ, ಹೋಗಲಾ ಅಂತ ಕೇಳಿದಳು. ಅಮೆರಿಕದಲ್ಲಿ ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಪದವಿ ಓದಿ, ಬೋರ್ಡ್ ಪರೀಕ್ಷೆ ಪಾಸಾಗಿ, ರಾಜ್ಯದ ಲೈಸೆನ್ಸ್ ಪಡೆದವರೇ ಈ ಕೆಲಸ ಮಾಡಬೇಕು. ಭಾರತದಲ್ಲಿ ಆ ಥರ ಲೈಸೆನ್ಸ್ ಕೊಡುವ ಬೋರ್ಡ್ ಇಲ್ಲ. ಹಾಗಾಗಿ ಎಲ್ಲಿ, ಏನು ಓದಿದ್ದಾರೆ ಅಂತ ಬಾಯಿಬಿಟ್ಟು ಕೇಳು, ಇಲ್ಲದಿದ್ದರೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು ಅಂದೆ. ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಮಾಡಿ ಕೊನೆಗೆ ಕುತ್ತಿಗೆ ಲಟಕ್ ಅನ್ನಿಸುತ್ತಾರಲ್ಲ, ಅದನ್ನಂತೂ ಭಾವನಿಗೆ ಇವತ್ತೇ ಬಿಡಿಸು ಅಂತಲೂ ಹೇಳಿದೆ.

ಕುತ್ತಿಗೆಯ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಕುತ್ತಿಗೆಯ ಮೂಳೆಗಳ ಒಳಗಿಂದ ಮಿದುಳಿಗೆ ರಕ್ತನಾಳ ಹೋಗುತ್ತದೆ. ಅದರ ಒಳಪದರ ಹರಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಕುತ್ತಿಗೆ ತಿರುಗಿಸಿದ ಮೇಲೆ ಹೀಗಾದ ಪ್ರಕರಣಗಳಿವೆ. ತೀರಾ ಅಪರೂಪ. ನಾಳ ಮೊದಲೇ ಹರಿದಿದ್ದು, ಆ ನೋವಿಗೇ ಕೈರೋಪ್ರಾಕ್ಟರ್ ಹತ್ತಿರ ಹೋದವರೂ ಅದರಲ್ಲಿ ಇರಬಹುದು. ಆದರೂ ಈ ಸಂಬಂಧವನ್ನು ರೋಗಿಗೆ ಮೊದಲೇ ತಿಳಿಸಬೇಕು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿದೆ. ನಾನು ಕುತ್ತಿಗೆಗೆ ಆ ಚುರುಕು ತಳ್ಳು ಬೇಡ ಅಂತ ಮೊದಲ ದಿನವೇ ಹೇಳಿದೆ. ನನ್ನ ಡಾಕ್ಟರ್ ಒಂದು ಮಾತೂ ವಾದ ಮಾಡಲಿಲ್ಲ, ಫೈಲಿನಲ್ಲಿ ಬರೆದುಕೊಂಡರು. ಕುತ್ತಿಗೆ ಬಿಗಿದಾಗ ಕೈಯಿಂದ ಮೆತ್ತಗೆ ಎಳೆದು ಸಡಿಲಿಸುತ್ತಾರೆ, ಸ್ಟ್ರೆಚ್ ಹೇಳಿಕೊಡುತ್ತಾರೆ. ನನಗೆ ಅದೇ ಸಾಕಾಗಿದೆ. ನೀವೂ ಬೇಡ ಅನ್ನಬಹುದು. ಫಾರಂಗೆ ಸಹಿ ಮಾಡಿದ ಮೇಲೂ, ಟೇಬಲ್ ಮೇಲೆ ಮಲಗಿದ ಮೇಲೂ ಅನ್ನಬಹುದು.