ಅಸಿಟ್ರೆಟಿನ್ ಕ್ಯಾಪ್ಸೂಲ್: ಎರಡು ವರ್ಷ ಬಳಸಿದ ಮೇಲೆ

ಅಂಗೈ, ಅಂಗಾಲಿನ ಸೋರಿಯಾಸಿಸ್‌ಗೆ ಎರಡು ವರ್ಷದಿಂದ ಇದನ್ನು ತಗೊಳ್ಳುತ್ತಿದ್ದೇನೆ. ನಾನಿರುವುದು ಡೊಂಬಿವಿಲಿಯಲ್ಲಿ, ಕೆಲಸ ಮುಂಬೈಯ ದಾದರ್‌ನಲ್ಲಿ. ಮೊದಲೆಲ್ಲ ಲೋಕಲ್ ರೈಲಿನ ಕಂಬಿ ಹಿಡಿದರೆ ಅಂಗೈಯ ಬಿರುಕು ಬಾಯಿಬಿಟ್ಟು ರಕ್ತ ಒಸರುತ್ತಿತ್ತು. ಈಗ ಆರಾಮಾಗಿ ಹಿಡಿದು ನಿಲ್ಲುತ್ತೇನೆ. ಆದರೆ ಗುಣ ಕಾಣುವುದು ನಿಧಾನ. ಮೂರರಿಂದ ಆರು ತಿಂಗಳಾದರೂ ಬೇಕು.

ಇದು ವಿಟಮಿನ್ ಎ ವಂಶದ ಔಷಧ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಧ್ಯಾಹ್ನ ಸಾರನ್ನಕ್ಕೆ ತುಪ್ಪ ಹಾಕಿಕೊಂಡು ಉಂಡ ಕೂಡಲೇ ತಗೊಳ್ಳುತ್ತೇನೆ. ತುಟಿ ಸಿಪ್ಪೆ ಏಳುತ್ತದೆ, ಉಗುರು ತೆಳುವಾಗಿದೆ, ಕೂದಲೂ ಸ್ವಲ್ಪ ಉದುರಿತು. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರಿದಾಗ ಡಾಕ್ಟರು ಡೋಸ್ ಇಳಿಸಿದರು. ಲಿವರ್ ಮತ್ತು ಕೊಬ್ಬಿನ ಟೆಸ್ಟ್ ತಪ್ಪಿಸಲೇಬೇಡಿ. ಜೊತೆಗೆ ವಿಟಮಿನ್ ಎ ಇರುವ ಮಾತ್ರೆ ಬೇಡವೇ ಬೇಡ.

ನನಗೆ ಮುಖ್ಯ ಅನಿಸಿದ್ದು ಬೇರೆ: ಇದು ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ ಅನ್ನೋದು. ಯಾಕೆಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಇದು ಅಪಾಯ. ಇದಕ್ಕೂ ಮೊದಲು ಎಟ್ರೆಟಿನೇಟ್ ಅಂತ ಇದೇ ವಂಶದ ಔಷಧ ಒಂದಿತ್ತು. ಅದು ಮೈಕೊಬ್ಬಿನಲ್ಲಿ ಅಡಗಿ ಕೂರುತ್ತಿತ್ತು. ಅರ್ಧ ಇಳಿಯಲಿಕ್ಕೇ ಸುಮಾರು 120 ದಿನ. ನಿಲ್ಲಿಸಿ ಎರಡು ವರ್ಷ ದಾಟಿದ ಮೇಲೂ ಕೆಲವರ ರಕ್ತದಲ್ಲಿ ಸಿಕ್ಕಿದ್ದುಂಟು. ಅದರ ಜಾಗಕ್ಕೆ ಬಂದ ಅಸಿಟ್ರೆಟಿನ್ ಸುಮಾರು ಎರಡು ದಿನಕ್ಕೇ ಅರ್ಧ ಇಳಿಯುತ್ತದೆ. ಹಾಗಾದರೆ ಭಯ ಯಾಕೆ ಅಂತೀರಾ? ಮದ್ಯ ಕುಡಿದರೆ ನಮ್ಮ ದೇಹವೇ ಇದನ್ನು ತಿರುಗಿ ಎಟ್ರೆಟಿನೇಟ್ ಮಾಡಿಬಿಡುತ್ತದೆ! ಗೋವಾಕ್ಕೆ ಹೋದಾಗ ಗೆಳೆಯರು ಎಷ್ಟು ಒತ್ತಾಯ ಮಾಡಿದರೂ ನಾನು ಗ್ಲಾಸ್ ಮುಟ್ಟಲಿಲ್ಲ.

ಔಷಧ ನಿಲ್ಲಿಸಿದ ಮೇಲೂ ಮೂರು ವರ್ಷ ರಕ್ತದಾನ ಮಾಡುವ ಹಾಗಿಲ್ಲ. ನಮ್ಮ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಆಫೀಸಿನ ಶಿಬಿರದಲ್ಲಿ ಕೊಟ್ಟ ಫಾರಂನಲ್ಲಿ ಇದರ ಹೆಸರೇ ಇರಲಿಲ್ಲ. ನಾನೇ ಬಾಯಿಬಿಟ್ಟು ಹೇಳಿದೆ, ಅಲ್ಲಿದ್ದ ಡಾಕ್ಟರಮ್ಮ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿದರು. ನೀವೂ ಕೇಳುವ ತನಕ ಕಾಯಬೇಡಿ.

ನನ್ನಂಥ ಗಂಡಸರಿಗೆ, ಲಿವರ್ ಚೆನ್ನಾಗಿದ್ದರೆ, ಇದು ಒಳ್ಳೆಯ ಔಷಧ ಅಂತಲೇ ಹೇಳುತ್ತೇನೆ. ಮುಂದೆ ಮಗು ಬೇಕು ಅನ್ನುವ ಹೆಣ್ಣುಮಕ್ಕಳು ಮಾತ್ರ ಚೀಟಿ ಬರೆಸಿಕೊಳ್ಳುವ ಮೊದಲೇ ಬೇರೆ ದಾರಿ ಕೇಳಿ. ನಿಲ್ಲಿಸಿ ಮೂರು ವರ್ಷ ಬಸಿರಾಗುವಂತಿಲ್ಲ. ಮದ್ಯವಂತೂ ಔಷಧ ನಡೆಯುವಾಗ ಮತ್ತು ಬಿಟ್ಟ ಮೇಲೆ ಎರಡು ತಿಂಗಳು ಪೂರ್ತಿ ಬಂದ್.