‘ನಕ್ಕು ನಕ್ಕು ಸುಸ್ತಾಯ್ತು’ ಅನ್ನೋ ಕಾಮೆಂಟ್ ನಂಬಿ ಹಾರರ್ ಕಾಮಿಡಿಗೆ ಮಕ್ಕಳನ್ನು ಕರ್ಕೊಂಡು ಹೋಗಬೇಡಿ

ಹಾರರ್ ಕಾಮಿಡಿ ಬಂದಾಗಲೆಲ್ಲ ಇದೇ ಕಥೆ. ಹತ್ತಕ್ಕೆ ಒಂಬತ್ತು ಅಂಕ, ‘ಫ್ಯಾಮಿಲಿ ಸಮೇತ ನೋಡಿ’ ಅನ್ನೋ ಸಾಲು, ಐದು ವರ್ಷದ ಮಗುವನ್ನೂ ಸೇರಿಸಿ ನಾಲ್ಕು ಟಿಕೆಟ್. ಇಂಟರ್‌ವಲ್‌ವರೆಗೆ ಕಿಲಕಿಲ ನಗುತ್ತಿದ್ದ ಮಗು ಆಮೇಲೆ ಅಪ್ಪನ ಅಂಗಿಯೊಳಗೆ ಮುಖ ಹುದುಗಿಸುತ್ತೆ. ಕ್ಲೈಮ್ಯಾಕ್ಸ್ ಹೊತ್ತಿಗೆ ಅಮ್ಮ, ಮಗು ಇಬ್ಬರೂ ಲಾಬಿಯಲ್ಲಿ. ದುಡ್ಡು ವಾಪಸ್ ಬರಲ್ಲ, ರಾತ್ರಿ ಬಾತ್‌ರೂಮಿಗೆ ಒಬ್ಬನೇ ಹೋಗಲ್ಲ ಅನ್ನೋ ಹಟ ಬೇರೆ.

ಕಾಮೆಂಟ್ ಬರೆದವರು ಸುಳ್ಳು ಹೇಳಿರಲ್ಲ. ಹೊರಬಂದವರ ಬಾಯಲ್ಲಿ ಉಳಿಯೋದು ಡೈಲಾಗು. ತಾನು ಎಲ್ಲಿ ಬೆಚ್ಚಿಬಿದ್ದೆ ಅಂತ ಬರೆಯೋರು ಕಡಿಮೆ. ಈ ಜಾತಿಯ ಚಿತ್ರಗಳಲ್ಲಿ ತಮಾಷೆ ಹೆಚ್ಚಾಗಿ ಮೊದಲರ್ಧದಲ್ಲೇ ಖರ್ಚಾಗಿ, ದೆವ್ವದ ಫ್ಲ್ಯಾಶ್‌ಬ್ಯಾಕು, ರಕ್ತ, ಕಿರುಚಾಟ ಎರಡನೇ ಅರ್ಧಕ್ಕೆ ಉಳಿದಿರುತ್ತೆ. ನಕ್ಕು ಮೈ ಸಡಿಲಾದಾಗಲೇ ಸದ್ದು ಪೂರ್ತಿ ಇಳಿಸಿ, ನಾಲ್ಕಾರು ಸೆಕೆಂಡು ಕಾಯಿಸಿ, ಸಬ್‌ವೂಫರಿನಲ್ಲಿ (ತಗ್ಗಿನ ಸದ್ದಿನ ದೊಡ್ಡ ಸ್ಪೀಕರು) ಒಮ್ಮೆಲೇ ಗುಡುಗಿಸ್ತಾರೆ. ಮೊಬೈಲಲ್ಲಿ ಟ್ರೇಲರ್ ನೋಡಿದರೆ ಇದರ ಅಂದಾಜೇ ಸಿಗಲ್ಲ. ಅಷ್ಟು ತಗ್ಗಿನ ಸದ್ದು ಫೋನಿನ ಸ್ಪೀಕರಿಗೆ ಬರಲ್ಲ.

ಅಂಕಗಳೂ ದಾರಿ ತಪ್ಪಿಸುತ್ತವೆ. ನಗೋಕೆ ಬಂದವರು 10 ಕೊಟ್ಟು, ಹೆದರೋಕೆ ಬಂದವರು 1 ಕೊಟ್ಟರೂ ಕೊನೆಗೆ ಕಾಣೋದು ಮಧ್ಯದ ಒಂದು ಸಂಖ್ಯೆ. ನೋಡುಗರು ಸಿನಿಮಾಗಳಿಗೆ ಅಂಕ ಕೊಡೋ ಜಾಲತಾಣ ಐಎಂಡಿಬಿಯಲ್ಲಿ ರೇಟಿಂಗ್ ಮೇಲೆ ಒತ್ತಿದರೆ ಯಾವ ಅಂಕಕ್ಕೆ ಎಷ್ಟು ಮತ ಬಿದ್ದಿದೆ ಅಂತ ಕಂಬಗಳ ಚಿತ್ರ ತೆರೆಯುತ್ತೆ. ಎರಡು ತುದಿಯಲ್ಲೇ ಕಂಬ ಎದ್ದಿದ್ದರೆ ಸರಾಸರಿ ಬಿಟ್ಟು 5ರಿಂದ 7 ಕೊಟ್ಟವರ ಬರಹ ಓದಿ. ‘ಚೆನ್ನಾಗಿದೆ, ಆದ್ರೆ...’ ಅನ್ನೋರು ಅಲ್ಲೇ ಸಿಗೋದು. ವಿಮರ್ಶೆಗಳನ್ನು ಒಟ್ಟುಗೂಡಿಸೋ ಜಾಲತಾಣ ರಾಟನ್ ಟೊಮ್ಯಾಟೋಸಿನ 90% ಅಂದ್ರೆ ನೂರಕ್ಕೆ ತೊಂಬತ್ತು ಅಂಕ ಅಲ್ಲ, ವಿಮರ್ಶಕರಲ್ಲಿ ಅಷ್ಟು ಪಾಲು ಜನ ‘ಪರವಾಗಿಲ್ಲ’ಕ್ಕಿಂತ ಮೇಲೆ ಅಂದಿದ್ದಾರೆ, ಅಷ್ಟೇ. ಡಬ್ಬಿಂಗ್ ಆವೃತ್ತಿ ನೋಡೋರಿಗೆ ಇನ್ನೊಂದು ಮಾತು: 2025ರ ಕನ್ನಡ ಹಾರರ್ ಕಾಮಿಡಿ ‘ಸು ಫ್ರಮ್ ಸೋ’ದಂಥ ಚಿತ್ರದ ಅರ್ಧ ನಗು ಕರಾವಳಿಯ ಮಾತಿನ ಧಾಟಿಯಲ್ಲೇ ಇದೆ. ಮೂಲ ನೋಡಿದವರ ಹೊಗಳಿಕೆ ಡಬ್ಬಿಂಗಿಗೆ ಅನ್ವಯಿಸಲ್ಲ.

ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವನ್ನಾದರೂ ಸರಿಯಾಗಿ ಓದಿ. 2024ರ ನವೆಂಬರಿನಿಂದ ಯುಎ ಮೂರು ಭಾಗವಾಗಿದೆ: 7+, 13+, 16+. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಬರೀ ‘ಯು/ಎ’ ಇರುತ್ತೆ, ಅದರ ಗಡಿ 12 ವರ್ಷ. ಯುಎ ಅನ್ನೋದು ಪೋಷಕರಿಗೆ ಸೂಚನೆ ಮಾತ್ರ, ವಯಸ್ಕರಿಗೆ ಮಾತ್ರ ಅನ್ನೋ ಎ ಸರ್ಟಿಫಿಕೇಟಿನ ಹಾಗೆ ತಡೆಯಲ್ಲ. ಹಾಗಾಗಿ 16+ ಚಿತ್ರಕ್ಕೆ ಆರು ವರ್ಷದ ಮಗು ಬಂದರೂ ಗೇಟಿನಲ್ಲಿ ಟಿಕೆಟ್ ಹರಿದು ಒಳಗೆ ಬಿಡ್ತಾರೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಐಎಂಡಿಬಿಯ ಪೇರೆಂಟ್ಸ್ ಗೈಡ್. ಅಲ್ಲಿ ಭಯದ ದೃಶ್ಯಗಳಿಗೇ ಬೇರೆ ವಿಭಾಗ ಇದೆ, ತೀವ್ರತೆಗೆ ನೋಡುಗರೇ ಮತ ಹಾಕಿರ್ತಾರೆ. ಕಥೆಯ ಗುಟ್ಟು ರಟ್ಟಾಗಬಹುದು, ಮಕ್ಕಳ ಕೈಗೆ ಫೋನ್ ಕೊಡಬೇಡಿ. ಕನ್ನಡ ಚಿತ್ರಗಳಿಗೆ ಈ ಪುಟ ಬಹಳ ಸಲ ಖಾಲಿ. ಹಾಗಿದ್ದಾಗ ಬಿಡುಗಡೆಯಾಗಿ ನಾಲ್ಕು ದಿನ ತಡೆದು, ನೋಡಿಬಂದವರನ್ನು ‘ಚೆನ್ನಾಗಿದೆಯಾ’ ಅಂತ ಕೇಳೋ ಬದಲು ‘ಸೆಕೆಂಡ್ ಹಾಫಲ್ಲಿ ಮಕ್ಕಳು ಅತ್ತರಾ’ ಅಂತ ಕೇಳಿ. ಆದ್ರೂ ಹೋಗಲೇಬೇಕು ಅಂದ್ರೆ ಹಿಂದಿನ ಸಾಲಲ್ಲಿ ನಡೆದಾಡೋ ದಾರಿ ಪಕ್ಕದ ಸೀಟು ಹಿಡೀರಿ, ಗೋಡೆ ಸ್ಪೀಕರಿನ ಕೆಳಗಿನದು ಬೇಡ.